ಗಣಪತಿ ಮಾಡೆಂದರೆ ಅವರಪ್ಪನನ್ನು ಮಾಡಿದ ಮೇಸ್ತ್ರಿ

ಹೇಳಿದ್ದು ಒಂದು, ಕಟ್ಟಿದ್ದು ಇನ್ನೊಂದು, ಬಿಲ್ಲು ಮತ್ತೊಂದು! ಗೃಹಪ್ರವೇಶದ ಹಾಲು ಉಕ್ಕುವ ಹೊತ್ತಿಗೆ ‘ಎಕ್ಸ್‌ಟ್ರಾ’ ಪಟ್ಟಿಯೂ ಉಕ್ಕುತ್ತದೆ. ಕೇಳದೆ ಮಾಡಿದ ಕೆಲಸಕ್ಕೆ ದುಡ್ಡು ಕೊಡಬೇಕೆ? ಅಜ್ಜಂಪುರದ ಒಂದು ಮನೆ, ಕಡೂರಿನ ಒಬ್ಬ ನಿವೃತ್ತ ಎಂಜಿನಿಯರು, ತರೀಕೆರೆಯ ಒಬ್ಬ ವಕೀಲರು ಮತ್ತು 1872ರ ಒಂದು ಕಾಯ್ದೆ ಸೇರಿ ಬಿಡಿಸಿದ ಲೆಕ್ಕ ಇಲ್ಲಿದೆ.

ಹಸು ಒಳಗೆ ಬರಲು ಒಪ್ಪಲಿಲ್ಲ.

ಅಜ್ಜಂಪುರವೆಂದರೆ ಅಮೃತ ಮಹಲ್ ತಳಿಯ ಊರು. ಅಂಥ ಊರಿನಲ್ಲೂ ಬೆಳಗಿನ ಜಾವ ಐದೂವರೆಗೆ ನನ್ನ ಅಕ್ಕ-ಭಾವನ ಹೊಸ ಮನೆಯ ಗೃಹಪ್ರವೇಶಕ್ಕೆ ಸಿಕ್ಕಿದ್ದು ಹಿಂದಿನ ಬೀದಿಯ ಒಂದು ಜರ್ಸಿ. ಹೊಸ ಗ್ರಾನೈಟ್ ಮೇಲೆ ಗೊರಸು ಜಾರಿತೋ ಏನೋ, ಹೊಸ್ತಿಲಲ್ಲೇ ನಿಂತುಬಿಟ್ಟಿತು. ಪುರೋಹಿತರು ಮುಂದಿನಿಂದ ಬಾಳೆಹಣ್ಣು ತೋರಿಸಿದರು. ಹಸುವಿನ ಯಜಮಾನ ಹಿಂದಿನಿಂದ ದೂಡಿದ. ಕೊನೆಗೆ ಗೋಣಿಚೀಲ ಹಾಸಿ ಉಪಾಯವಾಗಿ ಒಳಗೆ ಕರೆದುಕೊಂಡವರು ಮೇಸ್ತ್ರಿ. “ಪಾಲಿಶ್ ಜಾಸ್ತಿ ಆಗ್ಬಿಟ್ಟಿದೆ, ಅದಕ್ಕೇ ಹೆದರ್ತದೆ” ಎಂದು ನಕ್ಕರು.

ಅಕ್ಕ ಒಲೆಯ ಮೇಲಿಟ್ಟ ಹಾಲು ಪೂರ್ವಕ್ಕೇ ಉಕ್ಕಿತು. ಎಲ್ಲರಿಗೂ ಸಮಾಧಾನ. ಆಮೇಲೆ ಮರ್ಯಾದೆ. ಭಾವ ಮೇಸ್ತ್ರಿಯನ್ನು ಮಣೆಯ ಮೇಲೆ ಕೂರಿಸಿ ಪಂಚೆ, ಶಲ್ಯ, ವೀಳ್ಯದೆಲೆ, ತೆಂಗಿನಕಾಯಿ, ಮೇಲೊಂದು ಕವರು ಇಟ್ಟ ತಟ್ಟೆ ಕೊಟ್ಟರು. ಮೇಸ್ತ್ರಿ ಅದನ್ನು ಕಣ್ಣಿಗೊತ್ತಿಕೊಂಡರು. ಹಾಗೇ ಅಂಗಿ ಜೇಬಿಗೆ ಕೈ ಹಾಕಿ, ನಾಲ್ಕು ಮಡಿಕೆ ಮಾಡಿದ ನೋಟ್‌ಬುಕ್ ಹಾಳೆಯೊಂದನ್ನು ತೆಗೆದು ಭಾವನ ಕೈಗಿಟ್ಟರು.

“ಅವಸರ ಇಲ್ಲ ಮೇಷ್ಟ್ರೇ. ಊಟ ಆದ್ಮೇಲೆ ನೋಡಿ.”

ಭಾವ ಊಟಕ್ಕೆ ಮೊದಲೇ ನೋಡಿದರು. ಹೋಳಿಗೆ ಸೇರಲಿಲ್ಲ.

ಹಾಳೆಯ ತಲೆಯಲ್ಲಿ ‘ಎಕ್ಸ್ಟ್ರ ಕೆಲ್ಸದ ಲೆಕ್ಕ’ ಎಂದಿತ್ತು. ಪಾಯ ಎರಡಡಿ ಜಾಸ್ತಿ, 1,10,000. ಸಂಪು ದೊಡ್ಡದು, 72,000. ಮೆಟ್ಲು ಕೆಳಗೆ ಬಾತ್ರೂಮು, 68,000. ಅಟ್ಟ ಮೂರು, 36,000. ದೇವರ ಮನೆ ಮೇಲೆ ಗೋಪುರ, 44,000. ಒಟ್ಟು 3,30,000. ಅಡಿಯಲ್ಲಿ ಎರಡು ಗೆರೆ, ಒಂದು ಸಹಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ಭಾವ, ಸಿಟ್ಟಿನಲ್ಲೂ ಪೆನ್ನು ತೆಗೆದು ಆ ತಲೆಬರಹದ ಕಾಗುಣಿತ ತಿದ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದಾಗಿ ಮೂರು ವರ್ಷವಾಗುತ್ತಾ ಬಂತು. ಈಗ ಮತ್ತೆ ಅದೇ ಕಾಲ.

ಶಿವರಾತ್ರಿ ಕಳೆದರೆ ಈ ಸೀಮೆಯಲ್ಲಿ ಎರಡು ಬಗೆಯ ಕಾಗದ ಓಡಾಡತೊಡಗುತ್ತವೆ. ಗೃಹಪ್ರವೇಶದ ಕರೆಯೋಲೆ ಒಂದು, ಮನೆ ಕೆಲಸದ ಅಖೈರು ಬಿಲ್ಲು ಇನ್ನೊಂದು. ತರೀಕೆರೆ ಕಡೆಯವರ ಅಡಿಕೆ ಬೀರೂರಿನ ಮಂಡಿ ಕಂಡಿರುತ್ತದೆ. ಕಡೂರಿನ ತೆಂಗು, ಅಜ್ಜಂಪುರದ ಈರುಳ್ಳಿ ಒಂದಿಷ್ಟು ಕಾಸು ತಂದಿರುತ್ತವೆ. ಮಳೆ ಹಿಡಿಯುವುದರೊಳಗೆ ಮೋಲ್ಡ್ ಬೀಳಬೇಕು, ಆಷಾಢ ಬರುವುದರೊಳಗೆ ಹಾಲು ಉಕ್ಕಬೇಕು. ಎಲ್ಲರಿಗೂ ಒಂದೇ ಅವಸರ. ಆ ಅವಸರದಲ್ಲಿ ಯಾರೂ ಏನನ್ನೂ ಬರೆದಿಡುವುದಿಲ್ಲ.

ಭಾವ ಬರೆದಿಟ್ಟಿದ್ದರು, ಪಾಪ. ಛಾಪಾ ಕಾಗದದ ಮೇಲೆ ಒಂದು ಪುಟದ ಕರಾರು. ಹದಿನಾಲ್ಕು ಚದರದ ಮನೆ, ಮೆಟೀರಿಯಲ್ ಸಮೇತ ಚದರಕ್ಕೆ ಇಂತಿಷ್ಟು, ಐದು ಕಂತು. ಕೊನೆಯ ಸಾಲಿನಲ್ಲಿ ‘ಹೆಚ್ಚುವರಿ ಕೆಲಸಕ್ಕೆ ಬೇರೆ ದರ’. ಆ ದರ ಎಷ್ಟು, ಹೆಚ್ಚುವರಿ ಎಂದರೆ ಯಾವುದು, ಅದನ್ನು ಮಾಡು ಎಂದು ಹೇಳಬೇಕಾದವರು ಯಾರು, ಒಂದೂ ಇರಲಿಲ್ಲ. ನಮ್ಮ ಕಡೆಯ ಮನೆ ಕರಾರುಗಳಲ್ಲಿ ಇಂಥದೊಂದು ಸಾಲು ಇದ್ದೇ ಇರುತ್ತದೆ. ಮೇಸ್ತ್ರಿಗೆ ಅದು ಪೂರ್ತಿ ತೆರೆದ ಬಾಗಿಲು, ಮನೆಯವರಿಗೆ ಪೂರ್ತಿ ಮುಚ್ಚಿದ ಬಾಗಿಲು. ಇಬ್ಬರೂ ಖುಷಿಯಿಂದಲೇ ಸಹಿ ಹಾಕುತ್ತಾರೆ.

ಚದರದ ಲೆಕ್ಕ
ಒಂದು ಚದರ ಎಂದರೆ 100 ಚದರ ಅಡಿ, ಅಂದರೆ 9.29 ಚದರ ಮೀಟರ್. ಸಜ್ಜಾ, ಪೋರ್ಟಿಕೊ, ಮೆಟ್ಟಿಲು ಚದರದೊಳಗೆ ಸೇರುತ್ತವೆಯೋ ಇಲ್ಲವೋ ಎಂಬುದೇ ಅರ್ಧ ಜಗಳಗಳ ಮೂಲ. ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ ಬಂದದ್ದನ್ನು 28.3ರಿಂದ ಗುಣಿಸಿದರೆ ಎಷ್ಟು ಲೀಟರ್ ಹಿಡಿಯುತ್ತದೆಂದು ಸಿಗುತ್ತದೆ. ಕಂಬಿಯ ತೂಕಕ್ಕೂ ಸುಲಭ ಸೂತ್ರವಿದೆ: ಮಿಲಿಮೀಟರ್‌ನಲ್ಲಿ ದಪ್ಪದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ. 12 ಎಂ.ಎಂ. ಕಂಬಿ ಮೀಟರಿಗೆ ಸುಮಾರು 890 ಗ್ರಾಂ.

ಮೊದಲು ಪಾಯದ ವಿಚಾರ.

ಬೀರೂರು ಜಂಕ್ಷನ್ನಿನಲ್ಲಿ ರೈಲು ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿಗೆ. ಮಣ್ಣೂ ಹೆಚ್ಚುಕಡಿಮೆ ಹಾಗೇ ಕವಲೊಡೆಯುತ್ತದೆ. ತರೀಕೆರೆ ಕಡೆ ಹೋದರೆ ಕೆಂಪು, ಅಜ್ಜಂಪುರದ ಕಡೆ ಎರೆ. ಎರೆ ಮಣ್ಣು ಈರುಳ್ಳಿಗೆ ತಾಯಿ, ಗೋಡೆಗೆ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಪಾಯವೂ ಜೊತೆಗೇ ಏರುತ್ತದೆ, ಇಳಿಯುತ್ತದೆ. ಮೂರನೇ ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆಗೆ ಒಂದು ಬಿರುಕು. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲ್ ರೂಪಿಸಿತು. ನಮ್ಮೂರುಗಳಲ್ಲಿ ಅದನ್ನು ಹಾಕಿಸುವವರು ಕಡಿಮೆ. ಮೇಸ್ತ್ರಿಗಳದ್ದು ಹಳೆಯ ಉಪಾಯ: ಗಟ್ಟಿ ನೆಲ ಸಿಗುವ ತನಕ ಅಗೆ.

ಕರಾರಿನಲ್ಲಿ ನಾಲ್ಕೂವರೆ ಅಡಿ ಪಾಯ. ನಾಲ್ಕೂವರೆಗೆ ಹೋದರೂ ಹಾರೆ ಮೆತ್ತಗೇ ಇಳಿಯುತ್ತಿತ್ತು. ಅಂದು ಸಂಜೆ ಗುಂಡಿಯ ದಂಡೆಯಲ್ಲಿ ನಡೆದ ಮಾತುಕತೆಗೆ ನಾನೂ ಸಾಕ್ಷಿ.

“ಮೇಷ್ಟ್ರೇ, ಇನ್ನೂ ಎರೆನೇ ಬತ್ತಿದೆ. ಕೆಳಗೆ ಹೋಗ್ಬೇಕಾಗ್ತದೆ.”

“ಹೂಂ.”

“ಎರಡಡಿ ಆಗ್ಬೌದು.”

“ಹೂಂ, ನೋಡಪ್ಪಾ, ನಿಂಗೆ ಗೊತ್ತಿರುತ್ತಲ್ಲ.”

ಆ ‘ಹೂಂ’ ಎಂದರೇನು? ಭಾವನ ಪ್ರಕಾರ ‘ಕೇಳಿಸಿತು’ ಎಂದು. ಮೇಸ್ತ್ರಿಯ ಪ್ರಕಾರ ‘ಮಾಡು, ದುಡ್ಡು ಕೊಡುತ್ತೇನೆ’ ಎಂದು. ಕನ್ನಡದಲ್ಲಿ ಈ ಒಂದು ಅಕ್ಷರಕ್ಕೆ ಇರುವಷ್ಟು ಅರ್ಥ ಇನ್ನಾವುದಕ್ಕೂ ಇಲ್ಲ. ಅಜ್ಜಿಯ ಕಥೆಗೂ ಹೂಂ, ಹೆಣ್ಣು ಕೇಳಲು ಬಂದವರಿಗೂ ಹೂಂ, ಸಾಲ ಕೇಳಿದವನಿಗೂ ಹೂಂ. ಮನೆ ಕಟ್ಟಿಸುವವನ ಬಾಯಲ್ಲಿ ಅದು ಒಂದು ಲಕ್ಷ ಹತ್ತು ಸಾವಿರದ ಹೂಂ ಆಗಿಬಿಟ್ಟಿತ್ತು.

ಸಂಪಿನದ್ದು ಬೇರೆ ಕಥೆ. ಅಲ್ಲಿ ಹೂಂ ಕೂಡ ಇರಲಿಲ್ಲ. ಕರಾರಿನಂತೆ ಎಂಟು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳ. ಸುಮಾರು 6,800 ಲೀಟರ್. ಭಾವ ನಾಲ್ಕು ದಿನ ಮದುವೆಗೆಂದು ಹಾಸನಕ್ಕೆ ಹೋಗಿ ಬರುವಷ್ಟರಲ್ಲಿ ಅದು ಹತ್ತು, ಎಂಟು, ಆರು ಆಗಿತ್ತು. ಬೇಕಾದರೆ ಗುಣಿಸಿ ನೋಡಿ, ಸರಿಯಾಗಿ ಎರಡರಷ್ಟು, ಸುಮಾರು 13,600 ಲೀಟರ್. ಕೇಳಿದ್ದಕ್ಕೆ ಮೇಸ್ತ್ರಿ ಕೊಟ್ಟ ಕಾರಣ ಹೀಗೆ: “ಬೇಸಿಗೇಲಿ ಬೋರು ಕೈ ಕೊಟ್ರೆ ಟ್ಯಾಂಕರ್ ಹಾಕಿಸ್ಬೇಕಲ್ಲ. ಅರ್ಧ ಸುರಿದು ಅರ್ಧ ವಾಪಸ್ ತಗಂಡೋಗು ಅಂತೀರಾ? ನಿಮ್ಮ ಒಳ್ಳೇದಕ್ಕೇ ಮಾಡಿದ್ದು.”

ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ ಎಂಬ ಗಾದೆ ಹುಟ್ಟಿದ್ದೇ ಇಂಥವರಿಂದ. ಆದರೆ ಗಾದೆ ಒಂದು ಮಾತು ಹೇಳದೆ ಬಿಟ್ಟಿದೆ. ಅವರಪ್ಪನನ್ನು ಮಾಡಿದ್ದು ಚೆನ್ನಾಗಿಯೇ ಇದ್ದರೆ? ಮನೆಯವರು ಅದಕ್ಕೇ ಪೂಜೆ ಶುರುಮಾಡಿದರೆ?

ಕಾನೂನಿನ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಒಂದು ಬೂಟಿನ ಕಥೆಯಿದೆ. ಅದು 1856ರ ಇಂಗ್ಲೆಂಡಿನ ಮೊಕದ್ದಮೆ. ನೈಜರ್ ನದಿಯಲ್ಲಿ ಹೋದ ಹಡಗಿನ ನಾಯಕನೊಬ್ಬ ನಡುವೆಯೇ ಕೆಲಸ ಬಿಟ್ಟ. ವಾಪಸ್ ಬರುವಾಗ ಸುಮ್ಮನೆ ಕೂರದೆ ಹಡಗು ನಡೆಸಲು ಕೈ ಜೋಡಿಸಿದ. ಊರು ಸೇರಿದ ಮೇಲೆ ಅದಕ್ಕೂ ಸಂಬಳ ಕೊಡಿ ಎಂದು ಕೋರ್ಟಿಗೆ ಹೋದ. ನ್ಯಾಯಾಧೀಶ ಪೊಲಾಕ್ ಸೊಗಸಾದ ಉಪಮೆ ಕೊಟ್ಟರು: ಯಾರೋ ನಿಮ್ಮ ಬೂಟು ಉಜ್ಜಿಟ್ಟಿದ್ದಾನೆ, ನೀವು ಹಾಕಿಕೊಳ್ಳದೆ ಬರಿಗಾಲಲ್ಲಿ ಹೋಗುತ್ತೀರಾ? ಹಾಕಿಕೊಂಡಿರಿ ಎಂದ ಮಾತ್ರಕ್ಕೆ ಉಜ್ಜಿದ ಕೂಲಿ ಕೊಡಲು ಒಪ್ಪಿದಿರಿ ಎಂದಾಗುತ್ತದೆಯೆ?

1900ರಲ್ಲಿ ಇಂಥದೇ ಇನ್ನೊಂದು ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಲಿಡ್ಸ್‌ಡೇಲ್ ಎಂಬ ಹಡಗು ಪಶ್ಚಿಮ ಆಸ್ಟ್ರೇಲಿಯಾದ ಕಡಲಲ್ಲಿ ನೆಲಕ್ಕೆ ತಾಗಿ ಜಖಂ ಆಗಿತ್ತು. ರಿಪೇರಿಯವರು ಹೇಳಿದ್ದರ ಜೊತೆಗೆ ಹೇಳದ್ದನ್ನೂ ಮಾಡಿದರು, ಒಪ್ಪಿದ್ದಕ್ಕಿಂತ ಬೇರೆ ಸಾಮಾನು ಹಾಕಿದರು. ನಾವು ಹಾಕಿದ್ದು ಇನ್ನೂ ಗಟ್ಟಿಯಾದದ್ದು ಎಂಬುದು ಅವರ ವಾದ. ಮಾಲೀಕರು ಹಡಗು ತೆಗೆದುಕೊಂಡು ಹೋದರು, ಮಾರಿಯೂಬಿಟ್ಟರು. ಆದರೂ ರಿಪೇರಿಯವರಿಗೆ ದುಡ್ಡು ದಕ್ಕಲಿಲ್ಲ. ತನ್ನದೇ ಹಡಗನ್ನು ತಾನು ತೆಗೆದುಕೊಂಡು ಹೋಗುವುದು, ಅದಕ್ಕೆ ಮಾಡಿದ ಕೆಲಸವನ್ನು ಒಪ್ಪಿದಂತೆ ಅಲ್ಲ ಎಂದಿತು ಕೌನ್ಸಿಲ್.

ಭಾವನಿಗೆ ಈ ಕಥೆ ಹೇಳಿದಾಗ ಅವರು ಮೊದಲ ಬಾರಿಗೆ ನಕ್ಕರು. “ಹಂಗಾದ್ರೆ ಒಂದು ಪೈಸೆ ಕೊಡಬೇಕಾಗಿಲ್ಲ!”

ತರೀಕೆರೆಯ ವಕೀಲರು ಆ ನಗು ನಿಲ್ಲಿಸಿದರು. “ಅದು ಇಂಗ್ಲಿಷರ ಊರಿನ ಮಾತು ಮೇಷ್ಟ್ರೇ. ಅವರು ನಮಗೆ ಬರೆದುಕೊಟ್ಟದ್ದು ಬೇರೆ.”

ಬರೆದುಕೊಟ್ಟದ್ದು 1872ರ ಭಾರತೀಯ ಕರಾರು ಕಾಯ್ದೆ. ಅದರ 70ನೇ ಕಲಮು ಮೂರೇ ಮಾತು ಕೇಳುತ್ತದೆ. ಕೆಲಸ ನ್ಯಾಯವಾಗಿ ಮಾಡಿದ್ದೇ? ಬಿಟ್ಟಿ ಮಾಡುವ ಉದ್ದೇಶ ಇರಲಿಲ್ಲ ತಾನೆ? ಮಾಡಿಸಿಕೊಂಡವನು ಅದರ ಲಾಭ ಅನುಭವಿಸಿದ್ದಾನೆಯೆ? ಮೂರಕ್ಕೂ ಹೌದು ಎಂದಾದರೆ, ಕರಾರು ಇರಲಿ ಬಿಡಲಿ, ತಕ್ಕ ದುಡ್ಡು ಕೊಡಬೇಕು. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ. ಅಂಗಡಿಯವನೊಬ್ಬ ಮರೆತು ನಿಮ್ಮ ಮನೆಯಲ್ಲಿ ಸಾಮಾನು ಬಿಟ್ಟುಹೋದ, ನೀವು ಅದನ್ನು ನಿಮ್ಮದೆಂದೇ ಬಳಸಿದಿರಿ. ದುಡ್ಡು ಕೊಡಿ.

ಈ ಕಲಮಿಗೆ ದೇಶದ ಮಟ್ಟದಲ್ಲಿ ಅರ್ಥ ಹೇಳಿದ ತೀರ್ಪು ಬಂದದ್ದು 1961ರ ಡಿಸೆಂಬರ್ 5ರಂದು. ಅದೂ ಕಟ್ಟಡದ ಜಗಳವೇ. 1944ರಲ್ಲಿ ಬಂಗಾಳದ ನಾಗರಿಕ ಸರಬರಾಜು ಇಲಾಖೆಯ ಅಧಿಕಾರಿಗಳ ಮಾತಿನ ಮೇಲೆ ಬಿ.ಕೆ. ಮಂಡಲ್ ಎಂಬ ಸಂಸ್ಥೆ ಆರಾಮ್‌ಬಾಗ್‌ನಲ್ಲಿ ಉಗ್ರಾಣದ ಶೆಡ್ಡು, ಕಚ್ಚಾ ರಸ್ತೆ, ಕಾವಲು ಕೋಣೆ, ಅಡುಗೆಮನೆ ಕಟ್ಟಿತು. ಬಿಲ್ಲು ಕೊಟ್ಟಾಗ ಸರ್ಕಾರ ಹೇಳಿದ್ದು: ಹೇಳಿದ ಅಧಿಕಾರಿಗೆ ಹೇಳುವ ಅಧಿಕಾರವೇ ಇರಲಿಲ್ಲ, ಕರಾರು ಗವರ್ನರ್ ಹೆಸರಿನಲ್ಲಿ ಇಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಮುಖ್ಯ ತೀರ್ಪು ಬರೆದವರು ಪಿ.ಬಿ. ಗಜೇಂದ್ರಗಡ್ಕರ್. ಇವರ ಮನೆತನದ ಮೂಲ ನಮ್ಮ ಗಜೇಂದ್ರಗಡ. ಇಂಟರ್ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯೂ ಆದರು. ಕರಾರು ಬಿದ್ದುಹೋದರೂ ಶೆಡ್ಡು ನಿಂತಿದೆ, ಸರ್ಕಾರ ಅದನ್ನು ಬಳಸಿದೆ, ಆದ್ದರಿಂದ ಹಣ ಕೊಡಬೇಕು ಎಂಬುದು ತೀರ್ಪಿನ ಸಾರ.

ಅದರಲ್ಲೇ ಮನೆಯವರ ಪರವಾಗಿಯೂ ಒಂದು ಎಳೆ ಇದೆ. ಕೊಟ್ಟದ್ದನ್ನು ಬೇಡ ಎನ್ನುವ, ಹಿಂದಿರುಗಿಸುವ ಆಯ್ಕೆ ಎದುರಿನವನಿಗೆ ಇರಬೇಕು. ಅವನು ಬೇಡವೆಂದರೆ 70ನೇ ಕಲಮು ಎದ್ದು ನಿಲ್ಲುವುದೇ ಇಲ್ಲ.

ಇಲ್ಲಿದೆ ಕಗ್ಗಂಟು. ಸೀರೆ ಬೇಡವೆಂದರೆ ಅಂಗಡಿಗೆ ವಾಪಸ್ ಕೊಡಬಹುದು. ಸಂಪು ಬೇಡವೆಂದರೆ? ನೆಲದೊಳಗಿನ ಗುಂಡಿಯನ್ನು ಯಾರ ಕೈಗೆ ಕೊಡುವುದು? ಪಾಯವನ್ನು ಹಿಂದಿರುಗಿಸಿದವರು ಉಂಟೇ? ಹಾಗಾಗಿ ಮನೆಯ ವಿಷಯದಲ್ಲಿ ಬೇಡವೆನ್ನುವ ಆಯ್ಕೆ ಇರುವುದು ಕೆಲಸ ನಡೆಯುವಾಗ ಮಾತ್ರ. ಗಾರೆ ಹಸಿಯಾಗಿರುವಾಗ ಬೇಡ ಅಂದರೆ ಅದು ಬೇಡ. ಒಣಗಿದ ಮೇಲೆ ಅಂದರೆ ಅದು ಬರೀ ಗೊಣಗಾಟ.

ಇನ್ನೊಂದು ಕೊಕ್ಕೆಯೂ ಇದೆ. ಕರಾರಿನಲ್ಲೇ ಆ ಕೆಲಸಕ್ಕೆ ಬೆಲೆ ನಿಗದಿಯಾಗಿದ್ದರೆ 70ನೇ ಕಲಮು ಹಿಡಿದು ಹೆಚ್ಚು ಕೇಳುವಂತಿಲ್ಲ. ಸೇನೆಗೆ ತುಪ್ಪ ಸರಬರಾಜು ಮಾಡುತ್ತಿದ್ದ ಅಲೋಪಿ ಪರ್ಶಾದ್ ಸಂಸ್ಥೆ, ಯುದ್ಧಕಾಲದಲ್ಲಿ ಖರ್ಚು ಏರಿತು, ಹೆಚ್ಚು ಕೊಡಿ ಎಂದು ಕೇಳಿದ್ದಕ್ಕೆ, 1960ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ದರವೇ ದರ ಎಂದಿತ್ತು. ಸಿಮೆಂಟ್ ರೇಟು ಏರಿತು ಎಂದು ಬಿಲ್ಲು ಹಿಗ್ಗಿಸುವವರು ಈ ತುಪ್ಪದ ಕೇಸು ಓದಬೇಕು.

ಕೌಟಿಲ್ಯನ ಮೇಸ್ತ್ರಿ
ಹೇಳಿದ್ದು ಬಿಟ್ಟು ಬೇರೆಯೇ ಮಾಡಿದ ಕುಶಲಕರ್ಮಿಗೆ ಕೌಟಿಲ್ಯನ ಅರ್ಥಶಾಸ್ತ್ರ ದಯೆ ತೋರುವುದಿಲ್ಲ: ಕೂಲಿಯೂ ಇಲ್ಲ, ಮೇಲೆ ಕೂಲಿಯ ಎರಡರಷ್ಟು ದಂಡ. ಈ ಗ್ರಂಥದ ಓಲೆಗರಿ ಪ್ರತಿ ಮತ್ತೆ ಬೆಳಕಿಗೆ ಬಂದದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಅದನ್ನು 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು.

ಗೃಹಪ್ರವೇಶದ ಮರುವಾರ ಪಂಚಾಯ್ತಿ ಕೂತಿತು. ಜಾಗ ಹೊಸ ಮನೆಯ ಜಗಲಿ. ಎರಡೂ ಕಡೆಯವರು ಒಪ್ಪಿ ಕರೆಸಿದ್ದು ಕಡೂರಿನಲ್ಲಿರುವ, ಲೋಕೋಪಯೋಗಿಯಿಂದ ನಿವೃತ್ತರಾದ ಒಬ್ಬ ಎಂಜಿನಿಯರನ್ನು. ಬಂದವರೇ ಕಾಫಿಗೂ ಮೊದಲು ಟೇಪು ಕೇಳಿದರು.

“ಇದನ್ನ ಅಳೆದವರು ಯಾರು?”

“ನಾನೇ ಸಾರ್” ಎಂದರು ಮೇಸ್ತ್ರಿ.

“ರೇಟು?”

“ಅದೂ ನಾನೇ.”

ಎಂಜಿನಿಯರು ಹಳೇ ಕೇಸೊಂದನ್ನು ನೆನಪಿಸಿಕೊಂಡರು. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಲಿಗೂ ಕರ್ನಾಟಕ ಸರ್ಕಾರಕ್ಕೂ ನಡೆದದ್ದು, 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು. ಕರಾರು ಮುರಿದರೆ ನಷ್ಟ ಎಷ್ಟೆಂದು ಸರ್ಕಾರವೇ ನಿರ್ಧರಿಸುತ್ತದೆ ಎಂದು ಅಲ್ಲಿನ ಕರಾರಿನಲ್ಲಿತ್ತು. ಮುರಿದದ್ದು ಹೌದೋ ಅಲ್ಲವೋ ಎಂಬುದೇ ಜಗಳವಾದಾಗ, ಜಗಳವಾಡುವ ಇಬ್ಬರಲ್ಲಿ ಒಬ್ಬರು ತಾವೇ ನ್ಯಾಯ ಹೇಳಿಕೊಳ್ಳುವಂತಿಲ್ಲ ಎಂದಿತು ಕೋರ್ಟು. “ಸರ್ಕಾರಕ್ಕೇ ಇಲ್ಲದ ಹಕ್ಕು ನಿನಗೆಲ್ಲಿಂದ ಬಂತಯ್ಯಾ?” ಎಂದು ಎಂಜಿನಿಯರು ನಕ್ಕಾಗ ಮೇಸ್ತ್ರಿಯೂ ನಕ್ಕರು.

ಸರ್ಕಾರಿ ಕೆಲಸದಲ್ಲಿ ಎಂ.ಬಿ. ಎಂಬ ಪುಸ್ತಕವಿರುತ್ತದೆ, ಅಳತೆ ಪುಸ್ತಕ. ಆಮೇಲೆ ಕಾಣದಂತೆ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆದು ಬರೆಯಬೇಕು. ಪಾಯದ ಅಳತೆಯನ್ನು ಮಣ್ಣು ತುಂಬಿದ ಮೇಲೆ ತೆಗೆಯುವುದು ಹೇಗೆ? ನಮ್ಮ ಪುಣ್ಯ, ಅಕ್ಕನ ಮಗ ಗುಂಡಿಯಲ್ಲಿ ಕ್ರಿಕೆಟ್ ಬಾಲು ಹುಡುಕುವಾಗ ತೆಗೆದ ಫೋಟೊ ಒಂದು ಮೊಬೈಲಿನಲ್ಲಿತ್ತು. ಹುಡುಗನ ಎತ್ತರ ಗೊತ್ತು, ಗುಂಡಿಯ ದಂಡೆ ಅವನ ತಲೆಯ ಮೇಲೆ ಎಷ್ಟಿದೆ ಕಾಣುತ್ತಿತ್ತು. ಎಂಜಿನಿಯರು ಸ್ಕೇಲಿಟ್ಟು ಅಳೆದರು. ಎರಡಡಿ ಎಂದದ್ದು ಒಂದೂಮುಕ್ಕಾಲು. ಸೈಜುಗಲ್ಲು, ಮರಳು, ಕೂಲಿಯನ್ನು ಇಲಾಖೆಯ ದರಪಟ್ಟಿ (ಎಸ್.ಆರ್.) ಪ್ರಕಾರ ಹಾಕಿ 84,000ಕ್ಕೆ ಇಳಿಸಿದರು.

ಭಾವ ಅದನ್ನೂ ಕೊಡಲು ಸಿದ್ಧರಿರಲಿಲ್ಲ. ಇಲ್ಲಿ ನಾನು ಮೇಸ್ತ್ರಿಯ ಪರ. ಎರೆಯ ಮೇಲೆ ನಾಲ್ಕೂವರೆ ಅಡಿಗೇ ಪಾಯ ನಿಲ್ಲಿಸಿ, ಕರಾರಿನಲ್ಲಿ ಇಷ್ಟೇ ಇತ್ತು ಎಂದು ಕೈತೊಳೆದುಕೊಂಡಿದ್ದರೆ ಆತ ಕಾಗದಕ್ಕೆ ನಿಷ್ಠ, ಮನೆಗೆ ದ್ರೋಹಿ. ಕೇಳದೆ ಮಾಡಿದ ಕೆಲಸಗಳಲ್ಲಿ ಜಾತಿಗಳಿವೆ. ಮಾಡದಿದ್ದರೆ ಮನೆ ನಿಲ್ಲದು ಎಂಬುದು ಒಂದು ಜಾತಿ. ಮಾಡಿದರೆ ಚೆಂದ ಎಂಬುದು ಇನ್ನೊಂದು. ಮೂರನೆಯದು ಕೆಟ್ಟ ಜಾತಿ: ಪ್ಲಾನಿನಲ್ಲಿಲ್ಲದ ಪೋರ್ಟಿಕೊವನ್ನು ರಸ್ತೆಯ ಕಡೆ ನಾಲ್ಕಡಿ ಚಾಚಿ, ಮಾಲೀಕನನ್ನು ನೋಟಿಸಿಗೆ ಗುರಿಮಾಡುವುದು. ಪುರಸಭೆಯ ಲೈಸೆನ್ಸು ಇರುವುದು ಮನೆಯವನ ಹೆಸರಿಗೆ, ಅದಕ್ಕೆ ಉತ್ತರ ಕೊಡಬೇಕಾದವನೂ ಅವನೇ. ಮೇಸ್ತ್ರಿ ಅಷ್ಟರಲ್ಲಿ ಇನ್ನೊಂದು ಊರಿನಲ್ಲಿ ಗುದ್ದಲಿ ಪೂಜೆಯಲ್ಲಿರುತ್ತಾನೆ.

ಸಂಪಿನ ಮೇಲೆ ಎಂಜಿನಿಯರು ಒಂದೇ ಪ್ರಶ್ನೆ ಕೇಳಿದರು. “ತುಂಬಿಸ್ತಾ ಇದ್ದೀರಾ?” ಭಾವ ಹೌದೆಂದರು. “ಅರ್ಧವೋ ಪೂರ್ತಿಯೋ?” ಭಾವ ಮಾತಾಡಲಿಲ್ಲ. ಅರ್ಧ ದುಡ್ಡು ಎಂದು ತೀರ್ಮಾನವಾಯಿತು, 36,000. ಅಟ್ಟದ್ದು ಸುಲಭ. ನಕ್ಷೆಯಲ್ಲೇ ಎರಡು ಅಟ್ಟ ಇದ್ದವು, ಮೂರನೆಯದಕ್ಕೆ ಮಾತ್ರ 12,000.

ಮೆಟ್ಟಿಲ ಕೆಳಗಿನ ಬಾತ್‌ರೂಮಿಗೆ ಬಂದಾಗ ಭಾವ ಎದ್ದು ನಿಂತರು. “ಇದನ್ನಂತೂ ನಾನು ಹೇಳೇ ಇಲ್ಲ. ದೇವರಾಣೆ.”

“ನೀವು ಹೇಳಿಲ್ಲ ಮೇಷ್ಟ್ರೇ. ಅಮ್ಮಾವ್ರು ಹೇಳಿದ್ರು.”

ಜಗಲಿಯಲ್ಲಿದ್ದವರೆಲ್ಲ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, “ಹೌದು, ನಾನೇ ಹೇಳ್ದೆ. ಅತ್ತೆಗೆ ರಾತ್ರಿ ಹಿತ್ತಲಿಗೆ ಹೋಗೋಕಾಗುತ್ತಾ?” ಎಂದಳು.

ಕರಾರು ಭಾವನ ಹೆಸರಿನಲ್ಲಿತ್ತು. ಅಕ್ಕನಿಗೆ ಹೇಳುವ ಅಧಿಕಾರವಿತ್ತೇ? ಕರಾರು ಕಾಯ್ದೆಯ 237ನೇ ಕಲಮು ಇಂಥದ್ದಕ್ಕೇ ಇದೆ. ಒಬ್ಬರಿಗೆ ಅಧಿಕಾರ ಇದೆಯೆಂದು ಮೂರನೆಯವರು ನಂಬುವಂತೆ ನಿಮ್ಮ ಮಾತು, ನಡತೆ ಇದ್ದರೆ, ಆಮೇಲೆ ಇಲ್ಲ ಎನ್ನಲಾಗದು. ಕೆಲಸ ಶುರುವಾದ ದಿನವೇ ಭಾವ ಮೇಸ್ತ್ರಿಗೆ, ನಾನಿಲ್ಲದಾಗ ಅಮ್ಮಾವ್ರನ್ನ ಕೇಳು ಎಂದಿದ್ದರು. ಅದಕ್ಕಿಂತ ದೊಡ್ಡ ಸಂಗತಿಯನ್ನು ವಕೀಲರು ಆಮೇಲೆ ಕಾಗದಪತ್ರ ತಿರುವುವಾಗ ಗಮನಿಸಿದರು. ನಿವೇಶನ ನಮ್ಮಪ್ಪ ಅಕ್ಕನಿಗೆ ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟದ್ದು. ಖಾತೆ ಅವಳ ಹೆಸರಿಗೆ. “ಅಧಿಕಾರ ಇಲ್ಲದೆ ಮಾತಾಡ್ತಾ ಇದ್ದವರು ನೀವೇ ಮೇಷ್ಟ್ರೇ” ಎಂದರು ವಕೀಲರು. ಬಾತ್‌ರೂಮಿನದು 60,000ಕ್ಕೆ ಇತ್ಯರ್ಥವಾಯಿತು.

ಒಟ್ಟು 1,92,000. ಮೂರು ಕಂತಿನಲ್ಲಿ ಸಂದಾಯವೂ ಆಯಿತು. ಜಗಲಿಯಲ್ಲಿ ಮುಗಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ, ಲೋಕ ಅದಾಲತ್ತು ಇದ್ದವು. ಅಲ್ಲಿ ರಾಜಿಯಾದರೆ ಅದೇ ಅಂತಿಮ, ಮೇಲ್ಮನವಿ ಇಲ್ಲ. ಕೋರ್ಟಿಗೇ ಹೋಗಿದ್ದರೂ ನ್ಯಾಯಾಧೀಶರು ಒಬ್ಬ ಕಮಿಷನರನ್ನು ನೇಮಿಸಿ ಅಳೆಸುತ್ತಿದ್ದರು. ಕೊನೆಗೆ ಅದೇ ಟೇಪು, ಅದೇ ಗೋಡೆ, ನಡುವೆ ನಾಲ್ಕಾರು ವರ್ಷ.

ಎರಡು ಗಡಿಯಾರ
ಮನೆ ಕಟ್ಟಿಕೊಡುವುದೂ ಒಂದು ಸೇವೆ ಎಂದು ಸುಪ್ರೀಂ ಕೋರ್ಟು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಕೇಸಿನಲ್ಲಿ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ‘ಮನೆ ನಿರ್ಮಾಣ’ ಸೇರಿದೆ. ಕೆಲಸ ಕೆಟ್ಟಿದ್ದರೆ ಮನೆಯವರು ಜಿಲ್ಲಾ ಆಯೋಗಕ್ಕೆ ಹೋಗಬಹುದು, ಗಡುವು 2 ವರ್ಷ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಾಕಿ ಬರಬೇಕಾದ ಮೇಸ್ತ್ರಿ ಗ್ರಾಹಕನಲ್ಲ, ಆತನ ದಾರಿ ಸಿವಿಲ್ ಕೋರ್ಟು. ಪಾವತಿಗೆ ದಿನ ಗೊತ್ತುಮಾಡಿರದಿದ್ದರೆ, ಕೆಲಸ ಮುಗಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಬಾಕಿ ಬಂದಿಲ್ಲವೆಂದು ಮನೆಯ ಕೀಲಿ ಇಟ್ಟುಕೊಳ್ಳುವ ಹಕ್ಕು ಕರಾರು ಕಾಯ್ದೆಯ 170ನೇ ಕಲಮಿನಡಿ ಸಿಗದು; ಅದು ಎತ್ತಿಕೊಂಡು ಹೋಗಬಹುದಾದ ಸಾಮಾನಿಗಷ್ಟೇ.

ಉಳಿದದ್ದು ಗೋಪುರ.

ದೇವರ ಮನೆಯ ನೆತ್ತಿಗೆ, ತಾರಸಿಯ ಮೇಲೆ, ಮೂರಡಿ ಎತ್ತರದ ಸಿಮೆಂಟಿನ ಗೋಪುರ. ಮೂರು ಅಂತಸ್ತು, ನಾಲ್ಕು ದಿಕ್ಕಿಗೆ ನಾಲ್ಕು ಕೀರ್ತಿಮುಖ, ತುದಿಯಲ್ಲಿ ಕಳಸ. ನಕ್ಷೆಯಲ್ಲಿ ಇರಲಿಲ್ಲ. ಭಾವ ಹೇಳಿರಲಿಲ್ಲ, ಅಕ್ಕನೂ ಹೇಳಿರಲಿಲ್ಲ. ಯಾಕಪ್ಪಾ ಮಾಡಿದೆ ಎಂದು ಎಂಜಿನಿಯರು ಕೇಳಿದಾಗ ಮೇಸ್ತ್ರಿ ನಾಚಿಕೊಂಡರು. ಹುಡುಗನಾಗಿದ್ದಾಗ ಅಪ್ಪನ ಜೊತೆ ಅಮೃತಾಪುರದ ದೇವಸ್ಥಾನಕ್ಕೆ ಹೋಗಿದ್ದರಂತೆ. ಅಂಥದ್ದೊಂದು ಕೈಯಲ್ಲಿ ಮಾಡಿ ನೋಡಬೇಕೆಂದು ಅಂದಿನಿಂದಲೂ ಇತ್ತಂತೆ.

ಅಮೃತಾಪುರ ತರೀಕೆರೆ ತಾಲ್ಲೂಕಿನದೇ. ಅಮೃತೇಶ್ವರ ದೇವಾಲಯವನ್ನು ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಹೊಯ್ಸಳರ ಹೆಸರಾಂತ ರೂವಾರಿ ಮಲ್ಲಿತಮ್ಮ ಕಸುಬು ಶುರುಮಾಡಿದ್ದು ಅಲ್ಲಿನ ಮಂಟಪದ ಭುವನೇಶ್ವರಿಗಳಲ್ಲಿ ಎನ್ನುತ್ತಾರೆ. ತಾನು ಕೆತ್ತಿದ್ದಕ್ಕೆ ತನ್ನ ಹೆಸರು ಹಾಕುತ್ತಿದ್ದವನು ಆತ. ನಮ್ಮ ಮೇಸ್ತ್ರಿ ಹೆಸರು ಹಾಕಿರಲಿಲ್ಲ, 44,000 ಹಾಕಿದ್ದರು.

ಎಂಜಿನಿಯರು ತಾರಸಿ ಹತ್ತಿ ಗೋಪುರದ ಸುತ್ತ ಎರಡು ಸುತ್ತು ಬಂದರು. ತೂಕದ ಗುಂಡು ಇಳಿಬಿಟ್ಟು ನೋಡಿದರು. ಕೂದಲಷ್ಟೂ ಓರೆ ಇರಲಿಲ್ಲ. ಕೆಳಗಿಳಿದು, “ಕೆಲಸ ಚೆನ್ನಾಗಿದೆ. ದುಡ್ಡಿನ ಮಾತು ನಾನು ಹೇಳಲಾರೆ” ಎಂದರು. ಭಾವ, ನೋಡೋಣ ಎಂದರು. ಮೇಸ್ತ್ರಿ, ಹೂಂ ಎಂದರು.

ವಕೀಲರು ಮಾತ್ರ ಭಾವನಿಗೆ ಗುಟ್ಟಾಗಿ ಒಂದು ಸಲಹೆ ಕೊಟ್ಟಿದ್ದರು. ಗೋಪುರ ಬೇಡ ಎಂದು ಒಂದು ನೋಟಿಸು ಕೊಟ್ಟಿಡಿ, ಮತ್ತೆ ಅದಕ್ಕೆ ಏನೂ ಮಾಡಬೇಡಿ. ಬಣ್ಣ ಬಳಿದರೆ, ದೀಪದ ಸರ ಕಟ್ಟಿದರೆ, ಲಾಭ ಅನುಭವಿಸಿದರು ಎಂದು ನಾಳೆ ಎದುರಿನವರು ವಾದಿಸಬಹುದು.

ಅಂದಿನಿಂದ ಆ ಮನೆ ಹಾಗೇ ಇದೆ. ಗೋಡೆಗಳಿಗೆ ತಿಳಿ ಹಳದಿ, ಸಜ್ಜಾಗಳಿಗೆ ಕೆಂಪು ಅಂಚು, ನೆತ್ತಿಯ ಮೇಲೆ ಬೂದು ಬಣ್ಣದ ಬರೀ ಸಿಮೆಂಟಿನ ಗೋಪುರ. ಮೂರು ಮಳೆಗಾಲಕ್ಕೆ ಪಾಚಿ ಹತ್ತಿದೆ. ದೀಪಾವಳಿಗೆ ಮೇಸ್ತ್ರಿ ತಪ್ಪದೆ ಬರುತ್ತಾರೆ. ಅಕ್ಕ ಕಜ್ಜಾಯ ಕೊಡುತ್ತಾಳೆ. ಗೇಟು ದಾಟುವಾಗ ಅವರು ತಲೆಯೆತ್ತಿ ಒಮ್ಮೆ ನೋಡುತ್ತಾರೆ, ಏನೂ ಹೇಳುವುದಿಲ್ಲ.

ಗೋಪುರಕ್ಕೆ ಕೊನೆಯ ಗಾರೆ ಬಿದ್ದದ್ದು ಆ ವರ್ಷದ ಶಿವರಾತ್ರಿ ಕಳೆದ ಮೇಲೆ. ಮೂರು ವರ್ಷ ತುಂಬಲು ಇನ್ನು ಹದಿನೈದು ದಿನವಿದೆ. ಮೊನ್ನೆ ಹೋದಾಗ ಭಾವ ನನ್ನನ್ನು ಒಳಗೆ ಕರೆದು, ಬೀರೂರಿನಿಂದ ತಂದಿಟ್ಟ ನಾಲ್ಕು ಲೀಟರಿನ ಬಂಗಾರದ ಬಣ್ಣದ ಡಬ್ಬ ತೋರಿಸಿದರು. ಅಕ್ಕನಿಗೆ ಗೊತ್ತಾಗದಿರಲೆಂದು ಅದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ, ಆ ಮೂರನೇ ಅಟ್ಟದ ಮೇಲೆ ಇಟ್ಟಿದ್ದಾರೆ.

“ಬಳಿಯೋಕೆ ಯಾರನ್ನ ಕರೀತೀರಾ?” ಎಂದೆ.

“ಇನ್ಯಾರನ್ನ?” ಎಂದರು ಭಾವ. “ಕೀರ್ತಿಮುಖಕ್ಕೆ ಬಣ್ಣ ಹಾಕೋಕೆ ಬೇರೆಯವರಿಗೆ ಬರುತ್ತೇನು?”